ತೈಲ ಬಿಕ್ಕಟ್ಟು ಬಂದರೆ ಮಿತ್ರರಾಷ್ಟ್ರಗಳು ಒಂದಕ್ಕೊಂದು ಆಗುತ್ತವೆಯೇ?

ಕಾಫಿ ಬೆಳೆಗಾರ, ಸಕಲೇಶಪುರ:
ಹೂಮಳೆ ತಡವಾದ ವರ್ಷ ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್‌ನಲ್ಲಿ ನೀರು ಹಾಯಿಸಲು ನಮ್ಮಲ್ಲಿ ಹಲವರಿಗೆ ಡೀಸೆಲ್ ಪಂಪ್‌ಸೆಟ್ಟೇ ಆಧಾರ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಡೀಸೆಲ್ ಸಾಗಿಸುವ ಕೊಳವೆಮಾರ್ಗವೇನೋ ಇದೆ, ಆದರೆ ಮಂಗಳೂರಿಗೆ ಕಚ್ಚಾ ತೈಲ ಹಡಗಿನಲ್ಲೇ ಬರಬೇಕು. ಅದು ನಿಂತರೆ ಮಿತ್ರರಾಷ್ಟ್ರಗಳು ತಮ್ಮ ಸಂಗ್ರಹವನ್ನು ಹಂಚಿಕೊಳ್ಳುತ್ತವೆಯೆಂದು ಓದಿದ್ದೇನೆ. ನಿಜವಾಗಿ ಹಾಗೆ ನಡೆದಿದೆಯೇ? ಅದರಲ್ಲಿ ಭಾರತಕ್ಕೆ ಸ್ಥಾನವಿದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ನಿವೃತ್ತ ಉಪನ್ಯಾಸಕ, ಹಾಸನ:
1973ರ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳು ಇಸ್ರೇಲಿನ ಪರ ನಿಂತ ಅಮೆರಿಕಕ್ಕೂ ನೆದರ್ಲೆಂಡ್ಸ್‌ಗೂ ತೈಲ ನಿಲ್ಲಿಸಿದಾಗ, ನೆದರ್ಲೆಂಡ್ಸ್‌ನೊಡನೆ ಒಂದೇ ಯುರೋಪಿಯನ್ ಸಮುದಾಯದಲ್ಲಿದ್ದ ಬ್ರಿಟನ್ ಮತ್ತು ಫ್ರಾನ್ಸ್, ಅರಬರ ಮುನಿಸಿಗೆ ಅಂಜಿ, ಬಹಿರಂಗವಾಗಿ ತೈಲ ಹಂಚಿಕೊಳ್ಳಲು ಒಪ್ಪಲಿಲ್ಲ. ಆಗ ಕೊರತೆಯನ್ನು ಹೆಚ್ಚುಕಡಿಮೆ ಸಮನಾಗಿ ಹಂಚಿದ್ದು ಸರ್ಕಾರಗಳಲ್ಲ, ಹಡಗುಗಳ ದಿಕ್ಕು ಬದಲಿಸಿದ ತೈಲ ಕಂಪನಿಗಳು. ಆ ಕಹಿ ಅನುಭವದಿಂದಲೇ 1974ರ ನವೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಹುಟ್ಟಿತು. ಸದಸ್ಯ ರಾಷ್ಟ್ರವು ಮೊದಲು 60, ಮುಂದೆ 90 ದಿನಗಳ ನಿವ್ವಳ ಆಮದಿಗೆ ಸಮನಾದ ತೈಲವನ್ನು ಸಂಗ್ರಹಿಸಿಡಬೇಕು, ಪೂರೈಕೆ ಶೇ. 7ರಷ್ಟು ಕುಸಿದರೆ ಪರಸ್ಪರ ಹಂಚಿಕೊಳ್ಳಬೇಕು ಎಂಬ ಕರಾರಾಯಿತು. (ತನ್ನ ರಾಜಧಾನಿಯಲ್ಲೇ ಇರುವ ಈ ಸಂಸ್ಥೆಗೆ ಫ್ರಾನ್ಸ್ ಸೇರಿದ್ದು 1992ರಲ್ಲಿ.) ಆಪತ್ತು ಬಂದ ಮೇಲೆ ಮಾತುಕತೆಗೆ ಕೂತರೆ ಸ್ನೇಹ ನಿಲ್ಲುವುದಿಲ್ಲ, ಮೊದಲೇ ಕರಾರು ಮತ್ತು ದಾಸ್ತಾನು ಎರಡೂ ಇರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅರ್ಥಶಾಸ್ತ್ರದ ವಿದ್ಯಾರ್ಥಿನಿ, ಚಿಕ್ಕಮಗಳೂರು:
ಸರ್ ಹೇಳಿದ್ದಕ್ಕೆ ಒಂದು ಸೇರ್ಪಡೆ. 1991, 2005, 2011 ಮತ್ತು 2022ರಲ್ಲಿ ಸದಸ್ಯ ರಾಷ್ಟ್ರಗಳು ಒಟ್ಟಾಗಿ ಸಂಗ್ರಹವನ್ನು ಹೊರಬಿಟ್ಟವು, 2022ರ ಎರಡು ನಿರ್ಧಾರಗಳ ಮೊತ್ತವೇ ಸುಮಾರು 18 ಕೋಟಿ ಬ್ಯಾರೆಲ್. ಆದರೆ ಈ ತೈಲ ಇಂಥ ದೇಶಕ್ಕೇ ಎಂದು ಹೋಗುವುದಿಲ್ಲ, ಮಾರುಕಟ್ಟೆಗೆ ಬರುತ್ತದೆ. ಆದ್ದರಿಂದ ಬೆಲೆ ತಗ್ಗಿದರೆ ಸದಸ್ಯರಲ್ಲದವರಿಗೂ ಅನುಕೂಲವಾಗುತ್ತದೆ. ಭಾರತ 2017ರಲ್ಲಿ ಸಹಸದಸ್ಯ ರಾಷ್ಟ್ರವಾಯಿತು. ಸಹಸದಸ್ಯರಿಗೆ 90 ದಿನಗಳ ಹೊಣೆಯಿಲ್ಲ, ಹಂಚಿಕೆಯಲ್ಲಿ ಹಕ್ಕೂ ಇಲ್ಲ. ಆದರೂ 2021ರ ನವೆಂಬರ್‌ನಲ್ಲಿ ಅಮೆರಿಕ, ಜಪಾನ್ ಮೊದಲಾದವುಗಳ ಜೊತೆಗೂಡಿ 50 ಲಕ್ಷ ಬ್ಯಾರೆಲ್ ಹೊರಬಿಡಲು ನಮ್ಮ ಸರ್ಕಾರ ಒಪ್ಪಿತ್ತು.

ಕಾಫಿ ಬೆಳೆಗಾರ, ಸಕಲೇಶಪುರ:
ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ನಮ್ಮದೇ ಸಂಗ್ರಹ ಎಷ್ಟಿದೆ?

ನಿವೃತ್ತ ಉಪನ್ಯಾಸಕ, ಹಾಸನ:
ವಿಶಾಖಪಟ್ಟಣ, ಮಂಗಳೂರು ಮತ್ತು ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆ ಕೊರೆದು ಮಾಡಿದ ನೆಲದಡಿಯ ಸಂಗ್ರಹಾಗಾರಗಳ ಒಟ್ಟು ಸಾಮರ್ಥ್ಯ 53.3 ಲಕ್ಷ ಟನ್, ಅಂದರೆ ದೇಶಕ್ಕೆ ಸುಮಾರು ಒಂಬತ್ತೂವರೆ ದಿನದ ತೈಲ. ತೈಲ ಕಂಪನಿಗಳ ದಾಸ್ತಾನು ಇದರಿಂದ ಬೇರೆ. ಒಡಿಶಾದ ಚಂಡಿಖೋಲ್ ಮತ್ತು ಪಾದೂರಿನಲ್ಲಿ ಇನ್ನೂ 65 ಲಕ್ಷ ಟನ್ ಸಾಮರ್ಥ್ಯಕ್ಕೆ 2021ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದೆ. ಪೂರ್ಣ ಸದಸ್ಯತ್ವಕ್ಕಿಂತ ಮೊದಲು ಆ ಕಾಮಗಾರಿ ಮುಗಿಯಲೆಂದು ನಾವು ಒತ್ತಾಯಿಸಬೇಕು.