ಹಳೆಯ ವಾಲ್ಟ್ಸ್, ಇಂದಿನ ವಾಲ್ಟ್ಸ್: ಎರಡನ್ನೂ ಒಂದೇ ಜೋಡಿ ಆಡುವುದು ಹೇಗೆ?

ಪ್ರಶ್ನೆ – ಅರೆಮಂಡಿ

ನಾನೂ ನನ್ನ ಪತಿಯೂ ಇಂಗ್ಲೆಂಡಿನಲ್ಲಿ ನೆಲೆಸಿದ್ದು, ನಾಲ್ಕು ವರ್ಷಗಳಿಂದ ಬಾಲ್‌ರೂಮ್ ನೃತ್ಯವನ್ನು ಜೊತೆಯಾಗಿ ಕಲಿಯುತ್ತಿದ್ದೇವೆ. ಮುಂದಿನ ತಿಂಗಳು 20 ನಿಮಿಷಗಳ ಪ್ರದರ್ಶನವೊಂದನ್ನು ನೀಡಬೇಕಾಗಿದೆ. ಮೊದಲರ್ಧದಲ್ಲಿ 19ನೆಯ ಶತಮಾನದ ವಾಲ್ಟ್ಸ್ ಮತ್ತು ಪೋಲ್ಕಾ ಎಂಬ ಸುತ್ತುವ ಜೋಡಿನೃತ್ಯಗಳು, ಉಳಿದರ್ಧದಲ್ಲಿ ಇಂದಿನ ಸ್ಲೋ (ನಿಧಾನ) ವಾಲ್ಟ್ಸ್ ಮತ್ತು ನಡಿಗೆಯಂಥ ಹೆಜ್ಜೆಗಳ ಫಾಕ್ಸ್‌ಟ್ರಾಟ್ ಎಂದು ನಿಶ್ಚಯಿಸಿದ್ದೇವೆ. ಅಭ್ಯಾಸದ ವಿಡಿಯೋ ನೋಡಿದರೆ ಉಡುಪು ಮಾತ್ರ ಬದಲಾಗಿ, ನೃತ್ಯ ಎರಡೂ ಕಡೆ ಒಂದೇ ಎಂಬಂತೆ ಕಾಣುತ್ತಿದೆ. ಹೆಜ್ಜೆಗಳನ್ನು ಕಲಿಸಿದಂತೆಯೇ ಇಡುತ್ತಿದ್ದೇವೆ. ಹಾಗಿದ್ದರೆ ತಪ್ಪುತ್ತಿರುವುದೆಲ್ಲಿ?

ಉತ್ತರ – ಹಿಮ್ಮಡಿ

ಪಾದಗಳನ್ನು ಗಮನಿಸಿ. ಇಂದು ಕಲಿಸುವ ಇಂಗ್ಲಿಷ್ ಶೈಲಿಯು, 1920ರಲ್ಲಿ ಲಂಡನ್ನಿನ ನೃತ್ಯಶಿಕ್ಷಕರು ಸಭೆ ಸೇರಿ ಹೆಜ್ಜೆಗಳನ್ನು ಒಂದು ಕ್ರಮಕ್ಕೆ ತರಲು ತೊಡಗಿದ ಮೇಲೆ ರೂಪುಗೊಂಡದ್ದು. ಇದರಲ್ಲಿ ಎರಡು ಪಾದಗಳೂ ಸಮಾನಾಂತರವಾಗಿರುತ್ತವೆ, ಮುಂದಿಡುವ ಹೆಜ್ಜೆ ಬಹುಮಟ್ಟಿಗೆ ಹಿಮ್ಮಡಿಯಿಂದಲೇ ಆರಂಭವಾಗುತ್ತದೆ, ದೇಹವು ಅಲೆಯಂತೆ ಏರಿಳಿಯುತ್ತದೆ. ಅದಕ್ಕೂ ಹಿಂದಿನ ವಾಲ್ಟ್ಸ್ ಬ್ಯಾಲೆಯ ಬಳಗಕ್ಕೆ ಸೇರಿದ್ದು. ಪಾದಗಳು ಹೊರಮುಖವಾಗಿ ತಿರುಗಿರುತ್ತವೆ, ಭಾರವು ಮುಂಗಾಲಿನ ಮೇಲಿರುತ್ತದೆ, ಮೂರೆಣಿಕೆಯ ಎರಡು ಆವರ್ತಗಳ ಆರು ಕಿರುಹೆಜ್ಜೆಗಳಲ್ಲಿ ಜೋಡಿ ಒಂದು ಪೂರ್ಣ ಸುತ್ತನ್ನು ಮುಗಿಸುತ್ತದೆ. ಅರೆಮಂಡಿ (ಮಂಡಿ ಮಡಿಸಿ, ಪಾದ ಹೊರಳಿಸಿ ನಿಲ್ಲುವ ಭಂಗಿ) ಎಂಬ ನಿಮ್ಮ ಹೆಸರನ್ನು ನೋಡಿದರೆ ಭರತನಾಟ್ಯ ಕಲಿತವರೆಂದು ತೋರುತ್ತದೆ. ಪಾದ ಹೊರಳಿಸುವುದು ನಿಮಗೆ ಕಷ್ಟವಾಗಲಾರದು, ಆದರೆ ಮಂಡಿಯನ್ನು ಅಷ್ಟು ಮಡಿಸಬೇಡಿ.

ಲಯವೂ ಮುಖ್ಯ. ಇಂದಿನ ಸ್ಪರ್ಧೆಗಳಲ್ಲಿ ಸ್ಲೋ ವಾಲ್ಟ್ಸ್ ನಿಮಿಷಕ್ಕೆ 28ರಿಂದ 30 ಆವರ್ತಗಳಷ್ಟಿದ್ದರೆ, ಹಳೆಯದಕ್ಕೆ ಹತ್ತಿರವಾದ ವಿಯೆನ್ನೀಸ್ ವಾಲ್ಟ್ಸ್ 58ರಿಂದ 60ರಷ್ಟಿರುತ್ತದೆ. ಎರಡೂ ಮೂರೆಣಿಕೆಯ ತಿಶ್ರಗತಿಯೇ ಆದರೂ, ನಿಧಾನ ಲಯಕ್ಕೆ ಪಳಗಿದ ಉದ್ದನೆಯ ಹೆಜ್ಜೆಯನ್ನು ಅಲ್ಲಿಗೆ ಒಯ್ದರೆ ಸುತ್ತು ಮುಗಿಯುವ ಮೊದಲೇ ತಾಳ ಕೈತಪ್ಪುತ್ತದೆ.

ಉತ್ತರ – ಕಛೇರಿಪ್ರಿಯ

ಪಾದಕ್ಕಿಂತ ಮೊದಲು ಪ್ರೇಕ್ಷಕರ ಕಣ್ಣಿಗೆ ಬೀಳುವುದು ತೋಳುಗಳ ಹಿಡಿತ ಎಂಬುದು ನನ್ನ ಅಭಿಪ್ರಾಯ. 1816ರಲ್ಲಿ ಲಂಡನ್ನಿನ ಶಿಕ್ಷಕ ಥಾಮಸ್ ವಿಲ್ಸನ್ ವಾಲ್ಟ್ಸ್ ಕುರಿತು ಹೊರತಂದ ಕೈಪಿಡಿಯ ಚಿತ್ರದಲ್ಲಿ ಒಂದೊಂದು ಜೋಡಿ ಒಂದೊಂದು ಬಗೆಯಲ್ಲಿ ತೋಳು ಸೇರಿಸಿಕೊಂಡಿದೆ. ಕೆಲವರ ಕೈಗಳು ತಲೆಯ ಮೇಲೆ ಕಮಾನು ಕಟ್ಟಿವೆ. ಇಂದಿನ ಒಂದೇ ಚೌಕಟ್ಟು ಆಗ ಇರಲಿಲ್ಲ. ಮೈಗೆ ಮೈ ತಗುಲಿಸಿ, ಮಹಿಳೆಯು ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ತಲೆಯನ್ನು ಎಡಕ್ಕೆ ಚಾಚಿದರೆ, ಎಂಥ ಹಳೆಯ ಗೌನು ತೊಟ್ಟರೂ ಅದು ಇಂಗ್ಲೆಂಡಿನ ಬ್ಲ್ಯಾಕ್‌ಪೂಲಿನಲ್ಲಿ ನಡೆಯುವ ಇಂದಿನ ಬಾಲ್‌ರೂಮ್ ಸ್ಪರ್ಧೆಯಾಗಿಯೇ ಕಾಣುತ್ತದೆ. ನಡುವೆ ಅಂತರ ಬಿಡಿ. ಸುತ್ತುವಾಗ ಒಬ್ಬರ ಮುಖವನ್ನೊಬ್ಬರು ನೋಡಿ. ನಾಲ್ಕು ವರ್ಷ ಹತ್ತಿರ ಬರಲು ಕಲಿತವರಿಗೆ ದೂರ ನಿಲ್ಲುವುದೇ ಕಷ್ಟದ ಪಾಠ.

ಉತ್ತರ – ರಾಗ್‌ಟೈಮ್

ನಿಮ್ಮ ಕಾರ್ಯಕ್ರಮದಲ್ಲಿ ಒಂದು ಕೊಂಡಿ ತಪ್ಪಿಹೋಗಿದೆ. ಪೋಲ್ಕಾದಿಂದ ನೇರವಾಗಿ ಇಂದಿನ ಫಾಕ್ಸ್‌ಟ್ರಾಟಿಗೆ ಹಾರುವ ಬದಲು, ನಡುವೆ ವರ್ನನ್ ಮತ್ತು ಐರೀನ್ ಕ್ಯಾಸಲ್ ದಂಪತಿಯ ಕಾಲಕ್ಕೆ ಮೂರು ನಿಮಿಷಗಳನ್ನು ಕೊಡಿ. ಇಂಗ್ಲೆಂಡಿನಲ್ಲಿ ಹುಟ್ಟಿದ ವರ್ನನ್, ಅಮೆರಿಕದ ಐರೀನ್‌ರನ್ನು 1911ರಲ್ಲಿ ವಿವಾಹವಾದರು. ಮರುವರ್ಷ ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದ ಈ ಜೋಡಿ, ನ್ಯೂಯಾರ್ಕಿಗೆ ಮರಳಿ ನೃತ್ಯಶಾಲೆಯನ್ನೇ ತೆರೆಯಿತು. ಅವರ ನೃತ್ಯಕ್ಕೆ ವಾದ್ಯ ನುಡಿಸಿದ್ದು ಕರಿಯ ಸಂಗೀತಗಾರ ಜೇಮ್ಸ್ ರೀಸ್ ಯುರೋಪ್ ಅವರ ತಂಡ. ವರ್ಣಭೇದ ಅಷ್ಟು ಗಟ್ಟಿಯಾಗಿದ್ದ ದಿನಗಳಲ್ಲಿ ಇದು ಸಣ್ಣ ಸಂಗತಿಯಲ್ಲ, ಆದರೂ ಕ್ಯಾಸಲ್ ದಂಪತಿಯ ಕಥೆ ಹೇಳುವವರು ಇದನ್ನು ಎಷ್ಟೋ ಬಾರಿ ಬಿಟ್ಟುಬಿಡುತ್ತಾರೆ. 1918ರಲ್ಲಿ ಟೆಕ್ಸಾಸಿನ ವಿಮಾನ ತರಬೇತಿಯ ಅಪಘಾತದಲ್ಲಿ ವರ್ನನ್ ತೀರಿಕೊಂಡರು.

ಅವರ ಹೆಸರಿನ ಕ್ಯಾಸಲ್ ವಾಕ್ ನಿಮಗೆ ಹೇಳಿ ಮಾಡಿಸಿದಂತಿದೆ. ಪ್ರತಿ ತಾಳಕ್ಕೂ ಒಂದು ಹೆಜ್ಜೆ. ಮಂಡಿ ಬಗ್ಗಿಸಿ ಇಳಿಯುವ ಬದಲು ತುದಿಗಾಲಿನಲ್ಲಿ ಏರುತ್ತಾ ನಡೆಯುವುದು, ಅಷ್ಟೇ. ಸುತ್ತುವ ನೃತ್ಯವು ನಡೆಯುವ ನೃತ್ಯವಾಗಿ ಮಾರ್ಪಟ್ಟದ್ದನ್ನು ಪ್ರೇಕ್ಷಕರು ಕಣ್ಣಾರೆ ಕಾಣುತ್ತಾರೆ.

ಮರುನುಡಿ – ಅರೆಮಂಡಿ

ಮೂವರಿಗೂ ವಂದನೆಗಳು. ನಿನ್ನೆ ಸಂಜೆ ಒಂದು ಗೇಣು ಅಂತರ ಬಿಟ್ಟು, ಹಿಮ್ಮಡಿ ಊರದೆ ಆರು ಹೆಜ್ಜೆಯ ಸುತ್ತನ್ನು ಪ್ರಯತ್ನಿಸಿದೆವು. ವಿಡಿಯೋದಲ್ಲಿ ನಾವು ಬೇರೆಯವರಂತೆಯೇ ಕಂಡೆವು. ನನ್ನ ಪಾದಗಳು ತಾವಾಗಿ ಹೊರಳಿದವು. ಪತಿಯ ಪಾದಗಳು ಮಾತ್ರ ಮೂರನೆಯ ಸುತ್ತಿಗೆ ಮತ್ತೆ ಸಮಾನಾಂತರಕ್ಕೆ ಮರಳುತ್ತಿವೆ. ಆದ್ದರಿಂದ ವಾಲ್ಟ್ಸನ್ನು ಎರಡು ನಿಮಿಷಕ್ಕೆ ಇಳಿಸಿ, ಉಳಿದ ಸಮಯವನ್ನು ಕ್ಯಾಸಲ್ ವಾಕಿಗೆ ಕೊಡಲು ತೀರ್ಮಾನಿಸಿದ್ದೇವೆ.