ಸಭೆಗೆ ಹುಡುಗರನ್ನು ಕರೆಯಲು ಆಟ, ಬ್ಯಾಂಡು ಇಟ್ಟವರು ಇದ್ದೀರಾ? ಅನುಭವ ಹೇಳಿ

ಹುಬ್ಬಳ್ಳಿ ಯೂತ್ ಕಾರ್ಯದರ್ಶಿ
ಎಲ್ಲರಿಗೂ ವಂದನೆ. ನಮ್ಮದು ಹುಬ್ಬಳ್ಳಿ ಹೊರಗಿನ ಸಣ್ಣ ಕ್ರೈಸ್ತ ಸಭೆ (ಚರ್ಚು), 62 ಮನೆ. ಯುವಕರ ಪಟ್ಟಿಯಲ್ಲಿ 40 ಹೆಸರಿದೆ, ಭಾನುವಾರ ಬರುವವರು ಎಂಟೋ ಒಂಬತ್ತೋ. ಡ್ರಮ್, ಗಿಟಾರ್ ತಂದು ಬ್ಯಾಂಡ್ ಮಾಡೋಣ, ವಾಲಿಬಾಲ್ ಟೂರ್ನಮೆಂಟ್ ಇಡೋಣ, ಹೊರಗಿನವರೂ ಬರುತ್ತಾರೆ ಎಂದು ಕಮಿಟಿಯ ಕೆಲವರು ಹೇಳುತ್ತಾರೆ. ದೇವಾಲಯವನ್ನು ಜಾತ್ರೆ ಮಾಡಬೇಡಿ ಎಂದು ಹಿರಿಯರು ಹೇಳುತ್ತಾರೆ. ಕೈಯಲ್ಲಿ 60 ಸಾವಿರ ಇದೆ. ಮುಂದಿನ ಭಾನುವಾರ ಮೀಟಿಂಗ್. ಮಾಡಿ ನೋಡಿದವರು ದಯವಿಟ್ಟು ಹೇಳಿ.

ಬೆಟಗೇರಿ ಅಣ್ಣ
ತಮ್ಮಾ, 2019ರಲ್ಲಿ ನಾವು ವಾಲಿಬಾಲ್ ಇಟ್ಟಿದ್ದೆವು. ಲೆಕ್ಕದ ಚೀಟಿ ಇನ್ನೂ ನನ್ನ ಹತ್ತಿರ ಇದೆ. ನಮ್ಮದು ಎರೆಮಣ್ಣು, ಅಂಕಣಕ್ಕೆ ಗರಸು ಹಾಕಿಸಲೇಬೇಕಿತ್ತು, ಮೂರು ಟ್ರ್ಯಾಕ್ಟರ್ ಟ್ರಿಪ್ 4,500. ಕಂಬ ವೆಲ್ಡಿಂಗ್ 2,800. ನೆಟ್ 1,650. ಎರಡು ಬಾಲ್ 1,900. ಹಾಲೋಜನ್ ಲೈಟ್ ಬಾಡಿಗೆ 3,200. ಶಾಮಿಯಾನ 6,000, ಮೈಕ್ 3,500, ಬಹುಮಾನ 7,000 ಮತ್ತು 4,000, ಅಂಪೈರ್‌ಗಳಿಗೆ 3,000, ಪೋಸ್ಟರ್ 1,250. ಗಿರ್ಮಿಟ್ ಮಿರ್ಚಿ 240 ಪ್ಲೇಟ್, 30ರಂತೆ 7,200. ಒಟ್ಟು 46,000. ಫೈನಲ್ ದಿನ ಸಂಜೆ ಅಡ್ಡಮಳೆ ಬಂತು. ಗರಸೆಲ್ಲಾ ಕೆಸರಾಯಿತು, ಆಟ ಮರುದಿನಕ್ಕೆ ಹೋಯಿತು, ಶಾಮಿಯಾನದವನು ಇನ್ನೂ 3,000 ತೆಗೆದುಕೊಂಡ. 49,000! ಅದರಲ್ಲಿ 15,000 ದೇವಾಲಯದ ಚಾವಣಿ ರಿಪೇರಿಗೆ ಇಟ್ಟಿದ್ದ ದುಡ್ಡು, ನಾನೇ ಜಾಮೀನು ನಿಂತು ತೆಗೆಸಿದ್ದೆ.

14 ಟೀಮ್ ಬಂದವು. ಜನ ಅಂದರೆ ಜನ. ಮುಂದಿನ ಭಾನುವಾರ ಆರಾಧನೆಗೆ ಹೊಸಬರು ಮೂವರು. ಅದರ ಮುಂದಿನ ವಾರ ಒಬ್ಬನೇ. ಚಾವಣಿ ಆ ಮಳೆಗಾಲವೆಲ್ಲಾ ಸೋರಿತು, ಪ್ರಭು ಭೋಜನದ ಮೇಜನ್ನು ಪಕ್ಕಕ್ಕೆ ಸರಿಸಿ ಆರಾಧನೆ ಮಾಡಿದೆವು. ನಾನಂತೂ ಇನ್ನು ಯಾವ ಟೂರ್ನಮೆಂಟಿಗೂ ಕೈ ಎತ್ತುವುದಿಲ್ಲ.

ಮಾಳಮಡ್ಡಿ ಅಕ್ಕ
ಅಣ್ಣಾರೇ, ಎರಡು ದಿನ ಆಟ ಆಡಿಸಿ ಕೈಬಿಟ್ಟರೆ ಇನ್ನೇನಾಗುತ್ತದೆ? ನಾವು ಡ್ರಮ್ ತಂದೆವು, ನನಗೆ ಒಂಚೂರೂ ಪಶ್ಚಾತ್ತಾಪ ಇಲ್ಲ. ಸೆಕೆಂಡ್ ಹ್ಯಾಂಡ್ ಸೆಟ್ 34,000. ಸಿಂಬಲ್ ಒಡೆದಿತ್ತು, ಮಾರಿದವನು ಹೇಳಿರಲಿಲ್ಲ, ಅದಕ್ಕೆ ಮತ್ತೆ 5,500. ಪಕ್ಕದ ಮನೆಯವರು ಎರಡು ಸಲ ಜಗಳಕ್ಕೆ ಬಂದರು. ಹಳೆಯ ಹಾಸಿಗೆಗಳನ್ನು ಗೋಡೆಗೆ ಕಟ್ಟಿ ಅಭ್ಯಾಸ ಮಾಡಿಸಿದೆವು, ಬೇಸಿಗೆಯಲ್ಲಿ ಆ ಕೋಣೆ ಒಲೆಯ ಹಾಗೆ ಇರುತ್ತಿತ್ತು. ತಿಂಗಳಿಗೆ ಎರಡು ಸಾವಿರ ಕೊಡುತ್ತಿದ್ದ ಒಂದು ಕುಟುಂಬ ಸಭೆ ಬಿಟ್ಟಿತು. ನಮ್ಮ ಅತ್ತೆಯೇ ಆರು ತಿಂಗಳು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಆದರೆ ಶನಿವಾರ ಸಂಜೆ ಅಭ್ಯಾಸಕ್ಕೆ 11 ಮಕ್ಕಳು ಬರುತ್ತಾರೆ. ಅಭ್ಯಾಸ ಒಂದು ತಾಸು, ಬೈಬಲ್ ಓದು ಅರ್ಧ ತಾಸು, ಓದದೆ ಯಾರೂ ಮನೆಗೆ ಹೋಗುವಂತಿಲ್ಲ. ಆರು ಜನ ದೃಢೀಕರಣ ತೆಗೆದುಕೊಂಡು ಸಭೆಯ ಪೂರ್ಣ ಸದಸ್ಯರಾದರು, ಅದರಲ್ಲಿ ನನ್ನ ಮಗ ಒಬ್ಬ. ಅವನು ಹದಿನೈದರಲ್ಲಿ ದೇವಾಲಯದ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದ. 150ನೇ ಕೀರ್ತನೆ ಓದಿ, ದಮ್ಮಡಿ, ತಾಳ ಎಲ್ಲಾ ಅದರಲ್ಲೇ ಇದೆ.

ಧಾರವಾಡ ನಿವೃತ್ತ ಮಾಸ್ತರ
ತಂಗೀ, ದೇವರನ್ನು ಸ್ತುತಿಸಲು ತಾಳ ಬೇರೆ, ಜನರನ್ನು ಸೇರಿಸಲು ತಾಳ ಬೇರೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಶಾಲೆ ತೆರೆದರು, ಹಳ್ಳಿ ಹಳ್ಳಿ ನಡೆದರು. ವರ್ಷಗಟ್ಟಲೆ ಕೂತರೂ ಕೈಗೆ ಸಿಕ್ಕವರು ಬೆರಳೆಣಿಕೆ. ಆದರೂ ಸಂತೆಯಲ್ಲಿ ತಮಾಷೆ ತೋರಿಸಿ ಜನ ಸೇರಿಸಲಿಲ್ಲ. ಅಮೆರಿಕದ ವಿಲ್ಲೋ ಕ್ರೀಕ್ ಎಂಬ ದೊಡ್ಡ ಸಭೆ 1975ರಿಂದ ನಾಟಕ, ಬ್ಯಾಂಡು ಇಟ್ಟು ಸಾವಿರಾರು ಜನರನ್ನು ಸೇರಿಸಿತು. 2007ರಲ್ಲಿ ಅವರೇ ತಮ್ಮವರನ್ನು ಕೇಳಿ ನೋಡಿದರು. ಕಾರ್ಯಕ್ರಮಕ್ಕೆ ಜಾಸ್ತಿ ಬಂದವರು ನಂಬಿಕೆಯಲ್ಲಿ ಜಾಸ್ತಿ ಬೆಳೆದಿರಲಿಲ್ಲ. ಅದನ್ನು ಅವರೇ ಒಪ್ಪಿಕೊಂಡರು.

ನಾನು 31 ವರ್ಷ ಸಂಡೇ ಸ್ಕೂಲ್ ನಡೆಸಿದೆ. ಒಂದು ಚಾಕಲೇಟ್ ಕೊಡಲಿಲ್ಲ. ಮಳೆಗಾಲದಲ್ಲಿ ಒಬ್ಬಳೇ ಹುಡುಗಿ ಬಂದ ದಿನವೂ ಪೂರ್ತಿ ಪಾಠ ಮಾಡಿದ್ದೇನೆ.

ಹಾವೇರಿ ಹುಡುಗ
ಸರ್, ಮಿಷನ್ನಿನವರು ಆಟ ಇಡಲಿಲ್ಲ, ಸರಿ. ಆದರೆ ನೇಯ್ಗೆ, ಹೆಂಚಿನ ಕಾರ್ಖಾನೆ ತೆರೆದು ಕೆಲಸ ಕೊಟ್ಟರಲ್ವಾ? ಕೆಲಸ ನೋಡಿ ಬಂದವರು ಇರಲಿಲ್ವಾ? ವಾಲಿಬಾಲ್ ನೋಡಿ ಬಂದರೆ ಮಾತ್ರ ತಪ್ಪಾ?

ಧಾರವಾಡ ನಿವೃತ್ತ ಮಾಸ್ತರ
ಮಾತು ನೋಡಿ ಆಡು. ಕ್ರೈಸ್ತರಾದವರನ್ನು ಮನೆ, ಜಾತಿ, ಕಸುಬು ಎಲ್ಲದರಿಂದ ಹೊರಹಾಕುತ್ತಿದ್ದರು. ಅವರು ಬದುಕಬೇಕಲ್ಲ, ಅದಕ್ಕೆ ಕಾರ್ಖಾನೆ. ಮಂಗಳೂರಿನ ಹೆಂಚಿನ ಕಾರ್ಖಾನೆ 1865ರದ್ದು, ಮಿಷನ್ ಮಂಗಳೂರಿಗೆ ಬಂದು 31 ವರ್ಷ ಆದಮೇಲೆ. ನಮ್ಮ ಮುತ್ತಜ್ಜ ಮಗ್ಗದಲ್ಲಿ ಕೂತು ಬೆನ್ನು ಬಾಗಿಸಿಕೊಂಡವರು. ಹೊಟ್ಟೆಗಾಗಿ ಬಂದವರು ಎಂಬ ಮಾತನ್ನು ಹೊರಗಿನವರಿಂದ ಬೇಕಾದಷ್ಟು ಕೇಳಿದ್ದೇವೆ, ನಮ್ಮವರ ಬಾಯಲ್ಲೂ ಕೇಳಬೇಕಾ?

ಹಾವೇರಿ ಹುಡುಗ
ನಿಮ್ಮ ಮುತ್ತಜ್ಜನ ಬಗ್ಗೆ ನಾನು ಹೇಳಲಿಲ್ಲ ಸರ್, ನೋವಾಗಿದ್ದರೆ ಕ್ಷಮಿಸಿ. ಆದರೆ ಕಿಟೆಲ್ ಸಾಹೇಬರು 1862ರಲ್ಲಿ ‘ಕಥಾಮಾಲೆ’ ಬರೆದು ಯೇಸುವಿನ ಕಥೆಯನ್ನು ನಮ್ಮ ಕಾವ್ಯದ ಧಾಟಿಗೆ ತಂದರು, ಕೇಳುವವರ ಕಿವಿ ಯಾವುದಕ್ಕೆ ಒಗ್ಗಿದೆ ಎಂದು ನೋಡಿಯೇ ತಂದರು. ಈಗಿನ ಹುಡುಗರ ಕಿವಿ ಗಿಟಾರಿಗೆ ಒಗ್ಗಿದೆ. ಇನ್ನು ವಾಲಿಬಾಲ್ ಹುಟ್ಟಿದ್ದೇ ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಘದಲ್ಲಿ, 1895ರಲ್ಲಿ. ಬಾಸ್ಕೆಟ್‌ಬಾಲ್ ಕೂಡ ಅಲ್ಲೇ, 1891.

ಬೆಟಗೇರಿ ಅಣ್ಣ
ಹುಟ್ಟಿದ್ದು ನಿಜ ತಮ್ಮಾ. ಆದರೆ ವೈಎಂಸಿಎ ಶುರುವಾಗಿದ್ದು 1844ರಲ್ಲಿ, ಲಂಡನ್ನಿನ ಬಟ್ಟೆ ಅಂಗಡಿಯ ಹುಡುಗರು ಕೂಡಿ ಪ್ರಾರ್ಥನೆ ಮಾಡಲು, ಬೈಬಲ್ ಓದಲು. ಈಗ ಹೆಸರು ಹೇಳಿದರೆ ಜನಕ್ಕೆ ನೆನಪಾಗುವುದು ಜಿಮ್ಮು, ಹಾಸ್ಟೆಲ್ಲು. ನನಗೆ ಅದೇ ಹೆದರಿಕೆ.

ಕೇಶ್ವಾಪುರ ಫೆಲೋಶಿಪ್
ಪ್ರೇಸ್ ದ ಲಾರ್ಡ್. ಎಲ್ಲರೂ ಸುಮ್ನೆ ಹೆದರುತ್ತೀರಿ. ನಾವು ಬಾಡಿಗೆ ಹಾಲ್‌ನಲ್ಲಿ 12 ಜನರಿಂದ ಶುರು ಮಾಡಿದೆವು, ಈಗ 180. ಫುಲ್ ಬ್ಯಾಂಡ್, ಲೈಟಿಂಗ್, ವರ್ಷಕ್ಕೊಮ್ಮೆ ದಾಂಡೇಲಿಯಲ್ಲಿ ಯೂತ್ ಕ್ಯಾಂಪ್, ಬಸ್ಸು ಊಟ ಎಲ್ಲಾ ಉಚಿತ. ಒಂದು ಕ್ಯಾಂಪಿಗೆ 1,40,000 ಆಗುತ್ತದೆ, ದೇವರು ಒದಗಿಸುತ್ತಾನೆ. ಹಳೆಯ ಸಭೆಗಳು ನಿದ್ದೆ ಮಾಡುತ್ತಿವೆ, ಅದಕ್ಕೆ ಮಕ್ಕಳು ಓಡಿ ಬರುತ್ತಾರೆ.

ಮಾಳಮಡ್ಡಿ ಅಕ್ಕ
ಓಡಿ ಬಂದವರು ಯಾರು ಎಂದೂ ಹೇಳಿ. ನಿಮ್ಮಂಥ ಒಂದು ಫೆಲೋಶಿಪ್‌ಗೆ ನಮ್ಮ ಐದು ಹುಡುಗರು ಹೋದರು, ನಾನೇ ಗಿಟಾರ್ ಕಲಿಸಿದವರು. ಹೊಸ ಆತ್ಮ ಒಂದೂ ಇಲ್ಲ, ಪಕ್ಕದ ದೊಡ್ಡಿಯ ಕುರಿ. 180ರಲ್ಲಿ ಎಷ್ಟು ಜನ ಮೊದಲು ಬೇರೆ ಸಭೆಯಲ್ಲಿ ಇದ್ದವರು?

ಕೇಶ್ವಾಪುರ ಫೆಲೋಶಿಪ್
ಅಕ್ಕಾ, ಕುರಿಗೆ ಮೇವು ಸಿಕ್ಕರೆ ದೊಡ್ಡಿ ಬಿಟ್ಟು ಯಾಕೆ ಬರುತ್ತದೆ?

ಮಾಳಮಡ್ಡಿ ಅಕ್ಕ
ಮೇವಲ್ಲ, ದಾಂಡೇಲಿ ಬಸ್ಸು. ಆ ಐದರಲ್ಲಿ ಇಬ್ಬರು ಈಗ ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಒಬ್ಬನ ತಾಯಿ ನನ್ನ ಮನೆಗೆ ಬಂದು ಅತ್ತು ಹೋದಳು. ಅದರ ಲೆಕ್ಕ ಯಾರು ಕೊಡುತ್ತಾರೆ?

ರೈಲ್ವೆ ಕಾಲೋನಿ ಹಿರಿಯ
ಜಗಳ ಸಾಕು ಮಾಡಿ. ಒಂದು ಮಾತು ಯಾರೂ ಹೇಳಲಿಲ್ಲ. ನಮ್ಮ ರಾಜ್ಯದ 2022ರ ಮತಾಂತರ ನಿಷೇಧ ಕಾಯ್ದೆಯಲ್ಲಿ ಕಾಣಿಕೆ, ಹಣ ಕೊಟ್ಟು ಸೆಳೆಯುವುದು ಆಮಿಷ ಎಂದು ಬರೆದಿದೆ. ಅದನ್ನು ರದ್ದು ಮಾಡಲು 2023ರ ಜೂನ್‌ನಲ್ಲಿ ಸಂಪುಟ ತೀರ್ಮಾನ ಮಾಡಿತು, ಆದರೂ ಜನರ ಮನಸ್ಸಿನಲ್ಲಿ ಆ ಸಂಶಯ ಇದೆ. ನಾವು ಓಣಿಯ ಎಲ್ಲಾ ಮಕ್ಕಳಿಗೆ ಕೇರಂ ಸ್ಪರ್ಧೆ ಇಟ್ಟು ಸ್ಕೂಲ್ ಬ್ಯಾಗ್ ಬಹುಮಾನ ಕೊಟ್ಟಿದ್ದೆವು, 22 ಬ್ಯಾಗ್. ಮರುದಿನ ನಾಲ್ಕು ಮನೆಯವರು ಬ್ಯಾಗ್ ತಂದು ಗೇಟಿನ ಹತ್ತಿರ ಇಟ್ಟು ಹೋದರು. ಮಾತಾಡಲೂ ಇಲ್ಲ. ನಲವತ್ತು ವರ್ಷ ಒಂದೇ ನಲ್ಲಿಯಲ್ಲಿ ನೀರು ಹಿಡಿದವರು. ಹೊರಗಿನವರನ್ನು ಆಟಕ್ಕೆ ಕರೆದರೆ ಆಟಕ್ಕೆ ಎಂದೇ ಹೇಳಿ ಕರೆಯಿರಿ. ಒಳಗೊಂದು ಇಟ್ಟುಕೊಂಡು ಹೊರಗೊಂದು ಹೇಳಬೇಡಿ.

ಕೇಶ್ವಾಪುರ ಫೆಲೋಶಿಪ್
ಹಾಗೆ ಹೆದರಿ ಕೂತರೆ ಸುವಾರ್ತೆ ಯಾರು ಸಾರುವುದು ಅಂಕಲ್?

ರೈಲ್ವೆ ಕಾಲೋನಿ ಹಿರಿಯ
ಹೆದರಿಕೆ ಅಲ್ಲಪ್ಪಾ. ಸುವಾರ್ತೆಯನ್ನು ಬ್ಯಾಗಿನಲ್ಲಿ ಮುಚ್ಚಿ ಕೊಡಬೇಡಿ ಎಂದೆ, ಅಷ್ಟೇ.

ಹುಬ್ಬಳ್ಳಿ ಯೂತ್ ಕಾರ್ಯದರ್ಶಿ
ಎಲ್ಲರಿಗೂ ಧನ್ಯವಾದ. ಬೆಟಗೇರಿ ಅಣ್ಣಾ, ಎರಡನೇ ವಾರವೂ ಬಂದ ಆ ಒಬ್ಬ ಹುಡುಗ ಏನಾದ?

ಬೆಟಗೇರಿ ಅಣ್ಣ
ಅದನ್ನು ಬರೆಯಬಾರದು ಎಂದುಕೊಂಡಿದ್ದೆ. ಸೋತ ಟೀಮಿನವನು. ಆರಾಧನೆ ಮುಗಿದ ಮೇಲೂ ಹಿಂದಿನ ಬೆಂಚಿನಲ್ಲಿ ಕೂತೇ ಇದ್ದ. ನಾವು ಐದಾರು ಜನ ಬಾಗಿಲಲ್ಲಿ ನಿಂತು ಶಾಮಿಯಾನದವನ ಬಾಕಿ ಬಗ್ಗೆ ಜೋರಾಗಿ ಮಾತಾಡುತ್ತಿದ್ದೆವು. ಸ್ವಲ್ಪ ಹೊತ್ತು ನೋಡಿ ಎದ್ದು ಹೋದ. ಅವನ ತಂದೆಗೆ ಕಿಡ್ನಿ ತೊಂದರೆ ಇತ್ತು, ಪ್ರಾರ್ಥನೆ ಮಾಡಿಸಲು ಬಂದಿದ್ದ ಎಂದು ತಿಂಗಳಾದ ಮೇಲೆ ಗೊತ್ತಾಯಿತು. ನಾನು ಮನೆ ಹುಡುಕಿಕೊಂಡು ಹೋದೆ. ಅಷ್ಟರಲ್ಲಿ ತಂದೆ ತೀರಿಕೊಂಡಿದ್ದರು. ಹುಡುಗ ಚಹಾ ಕೊಟ್ಟ, ಚೆನ್ನಾಗಿಯೇ ಮಾತಾಡಿದ. ಮತ್ತೆ ಬರಲಿಲ್ಲ.

49 ಸಾವಿರಕ್ಕಿಂತ ಅದೇ ನನಗೆ ಜಾಸ್ತಿ ಉರಿಯುತ್ತದೆ.

ಮಾಳಮಡ್ಡಿ ಅಕ್ಕ
ಅಣ್ಣಾ, ಮೊದಲು ನಾನು ಒರಟಾಗಿ ಬರೆದೆ. ಡ್ರಮ್ ವಿಷಯದಲ್ಲಿ ಮಾತ್ರ ನನ್ನ ಮಾತು ಬದಲಿಲ್ಲ.

ಧಾರವಾಡ ನಿವೃತ್ತ ಮಾಸ್ತರ
ನನ್ನದೂ ಬದಲಿಲ್ಲ.

ಹುಬ್ಬಳ್ಳಿ ಯೂತ್ ಕಾರ್ಯದರ್ಶಿ
ಮೀಟಿಂಗ್ ಆಯಿತು. ಮೂರು ತಾಸು. ಡ್ರಮ್ ಈ ವರ್ಷ ಬೇಡ ಎಂದರು. ಟೂರ್ನಮೆಂಟೂ ಇಲ್ಲ, ಶನಿವಾರ ಸಂಜೆ ನಮ್ಮ ಹುಡುಗರಿಗೆ ಸುಮ್ನೆ ವಾಲಿಬಾಲ್, ಆಟ ಆದಮೇಲೆ ನಮ್ಮ ಪಾದ್ರಿ ಅಯ್ಯನವರು ಅವರ ಜೊತೆ ಕೂತು ಚಹಾ ಕುಡಿಯುತ್ತಾರೆ. 9 ಸಾವಿರ ಮಂಜೂರು. ಅಣ್ಣಾ, ನಿಮ್ಮ ನೆಟ್ ಇನ್ನೂ ಇದೆಯಾ?

ಬೆಟಗೇರಿ ಅಣ್ಣ
ಇದೆ. ಒಂದು ಬದಿ ಇಲಿ ಕಡಿದಿದೆ, ಹೊಲಿಸಿಕೊಳ್ಳಬೇಕು. ಕಂಬವನ್ನೂ ಒಯ್ಯಿರಿ. ಗುರುವಾರ ಸಂಜೆ ಬನ್ನಿ, ಕೀಲಿ ನನ್ನ ಹತ್ತಿರ ಇರುತ್ತದೆ.