ಅಪ್‌ಡೇಟ್: ಕಡಲ ಪ್ಲಾಟ್‌ಫಾರ್ಮ್ ಕೆಲಸದ ಅರ್ಜಿ
ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೇನೆ, ಮುಂಬೈ ಹೈ ತೈಲ ಪ್ಲಾಟ್‌ಫಾರ್ಮ್‌ಗೆ ಹೋಗಲು ಏಜೆಂಟರಿಗೆ ದುಡ್ಡು ಕೊಡಬೇಕಾ ಅಂತ ಕೇಳಿದ್ದೆ ಅಲ್ವಾ? ಒಂದು ಪೈಸೆನೂ ಕೊಡಲಿಲ್ಲ. ಸಂದರ್ಶನವೇ ಇಲ್ಲದೆ ಆಫರ್ ಲೆಟರ್ ತೋರಿಸುವವರ ಸಹವಾಸವೇ ಬೇಡ. ಗುತ್ತಿಗೆ ಕಂಪನಿಗಳಿಗೆ ನೇರವಾಗಿ ಬಯೋಡಾಟಾ ಕಳಿಸಿದೆ. ಸುಮ್ನೆ 'ಫಿಟ್ಟರ್' ಅನ್ನದೆ ಪಂಪು, ವಾಲ್ವು ಬಿಚ್ಚಿ ಜೋಡಿಸಿದ್ದು, ಪರ್ಮಿಟ್ (ಅಪಾಯದ ಕೆಲಸಕ್ಕೆ ಲಿಖಿತ ಅನುಮತಿ) ತಗೊಂಡು ಮಾಡಿದ ಕೆಲಸ ಎಲ್ಲ ಬರೆದೆ, ಫೋನ್ ಬಂತು.

ಅಲ್ಲಿಗೆ ಕರಾವಳಿಯಿಂದ ಸುಮಾರು 160 ಕಿ.ಮೀ., ಹೋಗುವುದು ಹೆಲಿಕಾಪ್ಟರ್‌ನಲ್ಲಿ. ಅದಕ್ಕೇ ಬೋಸಿಯೆಟ್ ತರಬೇತಿ, ಅಂದ್ರೆ ಹೆಲಿಕಾಪ್ಟರ್ ನೀರಿಗೆ ಬಿದ್ದರೆ ಹೊರಬರುವುದನ್ನೂ ಕಲಿಸುವ ಕಡಲ ಸುರಕ್ಷತೆಯ ಮೂಲ ತರಬೇತಿ. ಹೆಲಿಕಾಪ್ಟರ್‌ನಂಥ ಡಬ್ಬದಲ್ಲಿ ಬೆಲ್ಟ್ ಹಾಕಿ ಕೂರಿಸಿ ನೀರಿನಲ್ಲಿ ತಲೆಕೆಳಗು ಮಾಡುತ್ತಾರೆ, ಒಂದು ಕೈಯಲ್ಲಿ ಕಿಟಕಿ ಹಿಡಿದುಕೊಂಡೇ ಬೆಲ್ಟ್ ಬಿಚ್ಚಿ ಹೊರಬರಬೇಕು. ಘಟಪ್ರಭೆಯಲ್ಲಿ ಈಜಿ ಬೆಳೆದವನಿಗೂ ಮೂಗಿನ ತುಂಬಾ ನೀರು! ಸರ್ಟಿಫಿಕೇಟ್ 4 ವರ್ಷ ನಡೆಯುತ್ತದೆ. ಮೆಡಿಕಲ್ ಪಾಸಾಗಿದೆ, ಮಳೆಗಾಲ ಮುಗಿದ ಮೇಲೆ ಕರೆಯುತ್ತಾರಂತೆ.